ಕುಟುಂಬದ ಜಮೀನಿಗೆ ಎಷ್ಟು ಅಶ್ವಶಕ್ತಿಯ ಟ್ರ್ಯಾಕ್ಟರು?

(ರೈತರ ತರಬೇತಿ ಶಿಬಿರದ ಉಪನ್ಯಾಸದ ಪಠ್ಯ)



ಎತ್ತು ಕೊಳ್ಳುವ ವಿಷಯದಲ್ಲಿ ಈ ನಾಡಿನ ರೈತರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕೃಷ್ಣಾ ತೀರದ ಎರೆ ಭೂಮಿಯವರು ಭಾರಿ ಮೈಕಟ್ಟಿನ ಕೃಷ್ಣಾ ಕಣಿವೆ ತಳಿಯ ಎತ್ತುಗಳನ್ನು ಸಾಕಿದರು. ನಡೆ ನಿಧಾನವಾದರೂ ಜಿಗುಟು ಮಣ್ಣಿನಲ್ಲಿ ಕಾಲೂರಿ ಎಳೆಯುವ ತೂಕ ಅವಕ್ಕಿತ್ತು. ಹಳೇ ಮೈಸೂರಿನ ಕೆಂಪು ಮಣ್ಣಿನವರು ಹಗುರ ಮೈಯ, ಚುರುಕು ನಡೆಯ ಹಳ್ಳಿಕಾರ್ ಜೋಡಿಯನ್ನು ನೆಚ್ಚಿಕೊಂಡರು. ಜಾತ್ರೆಯಲ್ಲಿ ಹಲ್ಲು ನೋಡಿ, ಗೊರಸು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಟವಲಿನ ಕೆಳಗೆ ಕೈ ಹಿಡಿದು ಬೆಲೆ ಕುದುರಿಸುತ್ತಿದ್ದರು. ಅದೇ ಮನೆತನದವರು ಟ್ರ್ಯಾಕ್ಟರು ಕೊಳ್ಳಲು ಹೋದಾಗ ನೋಡುವುದು ಮೂರೇ ಸಂಗತಿ: ಪಕ್ಕದ ಮನೆಯ ಟ್ರ್ಯಾಕ್ಟರು ಎಷ್ಟು ಅಶ್ವಶಕ್ತಿಯದು, ಮುಂಗಡ ಎಷ್ಟು, ಕಂತು ಎಷ್ಟು. ಮನೆಯ ಮುಂದೆ ದೊಡ್ಡ ಟ್ರ್ಯಾಕ್ಟರು ನಿಂತರೆ ಮಗನಿಗೆ ಹೆಣ್ಣು ಬೇಗ ಸಿಗುತ್ತದೆ ಎಂಬ ಮಾತೂ ಹಳ್ಳಿಗಳಲ್ಲಿ ಉಂಟು. ಕಂತು ಕಟ್ಟಬೇಕಾದುದು ಮಾತ್ರ ಹೊಲವೇ.

2015-16ರ ಕೃಷಿ ಗಣತಿಯಂತೆ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಮೂರು ಎಕರೆಗೆ ಸ್ವಲ್ಪ ಹೆಚ್ಚು. ಅದೂ ಹಿಸ್ಸೆಯಾಗಿ ಎರಡು ಮೂರು ಕಡೆ ಹಂಚಿಹೋಗಿರುವುದೇ ಸಾಮಾನ್ಯ. ಇಂಥ ಜಮೀನಿಗೆಂದು 15ರಿಂದ 28 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರುಗಳು ಈಗ ಹಲವು ಕಂಪನಿಗಳಿಂದ ಬರುತ್ತಿವೆ. ಬೆಂಗಳೂರಿನಲ್ಲಿ 1970ರ ದಶಕದಲ್ಲಿಯೇ ಪವರ್ ಟಿಲ್ಲರ್ ತಯಾರಾಗುತ್ತಿದ್ದುದರಿಂದ ಚಿಕ್ಕ ಯಂತ್ರ ನಮ್ಮ ರೈತರಿಗೆ ಹೊಸದೇನಲ್ಲ. ಚಿಕ್ಕದರಲ್ಲಿಯೂ ಯಾವ ಅಳತೆಯದು ಯಾರಿಗೆ, ಯಾರಿಗೆ ಅದೂ ಬೇಡ ಎಂಬುದೇ ಇಲ್ಲಿಯ ವಿಚಾರ.

ಕರಪತ್ರದ ಶಕ್ತಿ ಮತ್ತು ಹೊಲದ ಶಕ್ತಿ

ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಎಂಜಿನ್ನಿನ ಅಶ್ವಶಕ್ತಿ. ಅದರಲ್ಲಿ ಪಿ.ಟಿ.ಓ. ದಂಡಕ್ಕೆ, ಅಂದರೆ ರೋಟವೇಟರ್, ಸಿಂಪರಣಾ ಯಂತ್ರ ಮುಂತಾದವನ್ನು ತಿರುಗಿಸುವ ದಂಡಕ್ಕೆ, ಸುಮಾರು 85 ಭಾಗ ತಲುಪುತ್ತದೆ. ಎಳೆಯುವ ಕೆಲಸಕ್ಕೆ ಸಿಗುವುದು ಇನ್ನೂ ಕಡಿಮೆ. ಉತ್ತ ಸಡಿಲ ಮಣ್ಣಿನಲ್ಲಿ ಎಂಜಿನ್ನಿನ ಶಕ್ತಿಯ ಅರ್ಧ ಕೊಕ್ಕೆಯಲ್ಲಿ ಸಿಕ್ಕರೆ ಸಮಾಧಾನ ಪಡಬೇಕು.

ಇದಕ್ಕಿಂತ ಮುಖ್ಯವಾದುದು ತೂಕ. ಇದನ್ನು ವ್ಯಾಪಾರಿ ಹೇಳುವುದಿಲ್ಲ, ರೈತರು ಕೇಳುವುದೂ ಇಲ್ಲ. ಒಂದು ಲೆಕ್ಕ ನೋಡಬಹುದು. 30 ಸೆಂಟಿಮೀಟರ್ ಅಗಲದ ಒಂದು ಗುಳದ ರೆಂಟೆಯನ್ನು 15 ಸೆಂಟಿಮೀಟರ್ ಆಳಕ್ಕೆ ಹೂಡಿದರೆ ಕತ್ತರಿಸಬೇಕಾದ ಮಣ್ಣು 450 ಚದರ ಸೆಂಟಿಮೀಟರ್. ಹದವಿರುವ ಕೆಂಪು ಗೋಡುಮಣ್ಣಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 0.4 ಕಿಲೋ ಎಳೆತ ಬೇಕೆಂದು ಹಿಡಿದರೆ ಒಟ್ಟು 180 ಕಿಲೋ. ಇನ್ನು ಎರೆ ಭೂಮಿ. ಮಾಗಿ ಉಳುಮೆಗೆ 22 ಸೆಂಟಿಮೀಟರ್ ಆಳ ಬೇಕು, ಮಣ್ಣು ಗಟ್ಟಿ. ಚದರ ಸೆಂಟಿಮೀಟರಿಗೆ 0.8 ಕಿಲೋ ಹಿಡಿದರೆ ಅದೇ ಒಂದು ಗುಳಕ್ಕೆ 528 ಕಿಲೋ ಎಳೆತ ಬೇಕಾಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ನಡೆಯಲ್ಲಿ ಇದನ್ನು ಎಳೆಯಲು ಬೇಕಾದ ಶಕ್ತಿ ಸುಮಾರು 7 ಅಶ್ವಶಕ್ತಿ ಮಾತ್ರ. 18 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅಷ್ಟು ಉಂಟಲ್ಲ ಎಂದು ಯಾರಿಗಾದರೂ ಅನಿಸುವುದು ಸಹಜ.

ಎಂಜಿನ್ನಿನಲ್ಲಿ ಉಂಟು, ಚಕ್ರದಲ್ಲಿಲ್ಲ. ಹೊಲದಲ್ಲಿ ಟ್ರ್ಯಾಕ್ಟರು ಜಾರದೆ ಎಳೆಯಬಲ್ಲದ್ದು ತನ್ನ ತೂಕದ ನೂರಕ್ಕೆ ನಲವತ್ತು ಐವತ್ತು ಭಾಗ. 750 ಕಿಲೋ ತೂಕದ ಚಿಕ್ಕ ಟ್ರ್ಯಾಕ್ಟರಿಗೆ ಅದು 300ರಿಂದ 375 ಕಿಲೋ ಆಯಿತು. ಕೆಂಪು ಮಣ್ಣಿನ ರೆಂಟೆಯನ್ನು ಅದು ಸಲೀಸಾಗಿ ಎಳೆಯುತ್ತದೆ. ಎರೆ ಭೂಮಿಯ ರೆಂಟೆ ಹೂಡಿದರೆ ಎಂಜಿನ್ನು ಕೂಗುತ್ತದೆ, ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ, ಡೀಸೆಲ್ಲೂ ಟೈರೂ ಸವೆಯುತ್ತವೆ. ಕೃಷ್ಣಾ ತೀರದವರು ಭಾರದ ಎತ್ತು ಸಾಕಿದ್ದು ಇದೇ ಕಾರಣಕ್ಕೆ. ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟುವುದು, ಟೈರಿಗೆ ನೀರು ತುಂಬುವುದು, ನಾಲ್ಕೂ ಚಕ್ರಗಳ ಚಾಲನೆ ಇರುವುದನ್ನು ಕೊಳ್ಳುವುದು ಇವೆಲ್ಲ ಸ್ವಲ್ಪ ಮಟ್ಟಿಗೆ ಸಹಾಯಕ. ಆದರೆ ಇವುಗಳಿಂದ 750 ಕಿಲೋ ಟ್ರ್ಯಾಕ್ಟರು 2,000 ಕಿಲೋ ಟ್ರ್ಯಾಕ್ಟರಿನ ಕೆಲಸ ಮಾಡಲಾರದು.

ಹೀಗೆಂದು ಎರೆ ಭೂಮಿಯವರೆಲ್ಲ ದೊಡ್ಡದನ್ನೇ ಕೊಳ್ಳಬೇಕೆಂದಲ್ಲ. ಆಳ ಉಳುಮೆ ಕರಿಕೆ, ಜೇಕು ಹೆಚ್ಚಿದಾಗ ಎರಡು ಮೂರು ವರ್ಷಕ್ಕೊಮ್ಮೆ ಮಾಡುವ ಕೆಲಸ. ವರ್ಷದ ಒಂದೆರಡು ದಿನದ ಕೆಲಸಕ್ಕಾಗಿ ಉಳಿದ ದಿನಗಳೆಲ್ಲ ದೊಡ್ಡ ಟ್ರ್ಯಾಕ್ಟರಿನ ಬಡ್ಡಿ ಕಟ್ಟುವುದು ತರವಲ್ಲ. ಅದೊಂದನ್ನು ಬಾಡಿಗೆಗೆ ಮಾಡಿಸಿ, ಕುಂಟೆ, ಕೂರಿಗೆ, ಎಡೆ ಹೊಡೆಯುವುದು ಮುಂತಾದ ಪ್ರತಿ ವರ್ಷದ ಕೆಲಸಕ್ಕೆ ಸರಿಹೊಂದುವ ಅಳತೆಯನ್ನು ಸ್ವಂತಕ್ಕೆ ಆರಿಸಬೇಕು. ಎಂಟು ಹತ್ತು ಎಕರೆ ಎರೆ ಭೂಮಿಗೆ 24ರಿಂದ 28 ಅಶ್ವಶಕ್ತಿಯ, ಒಂದು ಸಾವಿರ ಕಿಲೋ ಆಸುಪಾಸಿನ, ನಾಲ್ಕು ಚಕ್ರ ಚಾಲನೆಯದು ಈ ಕೆಲಸಗಳಿಗೆ ಸಾಕು. ಹಿಂಗಾರಿ ಬಿತ್ತನೆಯಲ್ಲಿ ಹಸಿ ಆರುವ ಮೊದಲು ಕೂರಿಗೆ ಮುಗಿಯಬೇಕಾದ್ದರಿಂದ ಎರೆ ಭೂಮಿಯವರು 20ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು.

ಸಾಲಿನ ಅಂತರ

ತೋಟದವರಿಗೆ ಶಕ್ತಿಗಿಂತ ಮೊದಲು ಬರುವುದು ಅಗಲ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಸಾಲು ಹಿಡಿದು ನೆಟ್ಟ ಬಯಲುಸೀಮೆಯ ತೋಟಗಳಲ್ಲಿ ಒಂದು ಮೀಟರಿಗೆ ಸ್ವಲ್ಪ ಹೆಚ್ಚು ಅಗಲದ ಚಿಕ್ಕ ಟ್ರ್ಯಾಕ್ಟರು ಆರಾಮವಾಗಿ ಓಡಾಡುತ್ತದೆ. ದೊಡ್ಡದು ಹೊಕ್ಕರೂ ಸಾಲಿನ ಕೊನೆಯಲ್ಲಿ ತಿರುಗಲಾರದು, ಮರದ ಬುಡಕ್ಕೆ ತಾಗದೆ ಬಿಡದು. ಅಡಿಕೆಯ ಬೇರು ಹೆಚ್ಚಾಗಿ ಮೇಲ್ಪದರದಲ್ಲಿಯೇ ಹರಡಿರುವುದರಿಂದ ಚಿಕ್ಕದನ್ನೂ ಬುಡದ ಹತ್ತಿರ ಆಳಕ್ಕೆ ಇಳಿಸಲಾಗದು. ಮಲೆನಾಡಿನ ಹಳೆಯ ತೋಟಗಳ ಮಾತು ಬೇರೆ. ಎರಡು ಸಾಲಿಗೊಂದು ಬಸಿಗಾಲುವೆ, ಇಳಿಜಾರು, ಮೇಲಿಂದ ಮಳೆ. ಅಲ್ಲಿಗೆ ನಾಲ್ಕು ಚಕ್ರದ ಯಾವ ಟ್ರ್ಯಾಕ್ಟರೂ ಬೇಡ.

ಹಿಪ್ಪುನೇರಳೆಯನ್ನು ಜೋಡಿ ಸಾಲಿನ ಪದ್ಧತಿಯಲ್ಲಿ ನೆಟ್ಟವರಿಗೆ ಎರಡು ಜೋಡಿಗಳ ನಡುವೆ 150 ಸೆಂಟಿಮೀಟರ್, ಅಂದರೆ ಐದು ಅಡಿ ಜಾಗವಿರುತ್ತದೆ. ಯಂತ್ರದ ಅಗಲ ಇದಕ್ಕಿಂತ ಒಂದು ಅಡಿಯಾದರೂ ಕಡಿಮೆ ಇರದಿದ್ದರೆ ಸೊಪ್ಪು, ರೆಂಬೆ ಮುರಿಯುತ್ತವೆ. ಎಷ್ಟೋ ಮಂದಿ ಟ್ರ್ಯಾಕ್ಟರಿನ ಅಗಲ ಅಳೆದು, ಅದಕ್ಕೆ ಜೋಡಿಸುವ ರೋಟವೇಟರಿನ ಅಗಲ ಅಳೆಯಲು ಮರೆಯುತ್ತಾರೆ. ತೋಟದ ಗೇಟು, ಓಣಿ, ಕಾಲುವೆಯ ಮೇಲಿನ ಕಲ್ಲುಚಪ್ಪಡಿ, ತಂತಿಬೇಲಿಯ ತಿರುವು ಇವನ್ನೂ ಟೇಪು ಹಿಡಿದು ಅಳೆಯಬೇಕು. ದ್ರಾಕ್ಷಿಯವರು ಸಿಂಪರಣಾ ಯಂತ್ರಕ್ಕೆ ಬೇಕಾದ ಪಿ.ಟಿ.ಓ. ಶಕ್ತಿಯನ್ನು ಮೊದಲು ತಿಳಿದು, ಅದಕ್ಕೆ ತಕ್ಕ ಟ್ರ್ಯಾಕ್ಟರನ್ನು ಹುಡುಕುವುದು ಸರಿ. ಗಾಳಿ ಬೀಸಿ ಸಿಂಪಡಿಸುವ ಯಂತ್ರಗಳು 18 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಭಾರವಾಗುವುದುಂಟು. ನೀರು ತುಂಬಿದ ತೊಟ್ಟಿಯ ತೂಕವನ್ನು ಹೈಡ್ರಾಲಿಕ್ ಎತ್ತಬಲ್ಲುದೇ ಎಂಬುದನ್ನೂ ನೋಡಬೇಕು. ಈ ವರ್ಗದ ಟ್ರ್ಯಾಕ್ಟರುಗಳ ಎತ್ತುವ ಸಾಮರ್ಥ್ಯ ಸುಮಾರು 500ರಿಂದ 900 ಕಿಲೋ ತನಕ ಬೇರೆ ಬೇರೆ ಇರುತ್ತದೆ.

ಒಂದು ಕುಟುಂಬದ ಲೆಕ್ಕ

ತುಮಕೂರು ಜಿಲ್ಲೆಯ ಗುಬ್ಬಿ ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಒಟ್ಟು ಏಳು ಎಕರೆ, ಮೂರು ತುಂಡು. ಎರಡು ಎಕರೆ ಅಡಿಕೆ, ಎರಡು ಎಕರೆ ತೆಂಗು, ಮೂರು ಎಕರೆ ಮಳೆಯಾಶ್ರಿತ ರಾಗಿ ಹೊಲ. ಮುಂಗಾರು ಮಳೆ ಬಿದ್ದ ಮೇಲೆ ಕೆಂಪು ಹೊಲದಲ್ಲಿ ಹದ ನಿಲ್ಲುವುದು ನಾಲ್ಕೈದು ದಿನ. ಟ್ರ್ಯಾಕ್ಟರಿನ ಅಳತೆಗೆ ನಿಜವಾದ ಪರೀಕ್ಷೆ ಈ ನಾಲ್ಕೈದು ದಿನಗಳೇ.

18 ಅಶ್ವಶಕ್ತಿಯ ಟ್ರ್ಯಾಕ್ಟರು ಐದು ಹಲ್ಲಿನ ಕಲ್ಟಿವೇಟರ್ ಕಟ್ಟಿಕೊಂಡು ಗಂಟೆಗೆ 4 ಕಿಲೋಮೀಟರ್ ನಡೆದರೆ, ತಿರುಗುವ ಹೊತ್ತು ಕಳೆದು ಗಂಟೆಗೆ 0.8 ಎಕರೆ ಮುಗಿಸುತ್ತದೆ. ಮೂರು ಎಕರೆಯನ್ನು ಎರಡು ಸಾರಿ ಉಳಲು ಏಳೂವರೆ ಗಂಟೆ. 45 ಅಶ್ವಶಕ್ತಿಯದು ಒಂಬತ್ತು ಹಲ್ಲಿನ ಕಲ್ಟಿವೇಟರಿನಲ್ಲಿ ಇದೇ ಕೆಲಸವನ್ನು ಮೂರು ಗಂಟೆಗೆ ಸ್ವಲ್ಪ ಮೇಲೆ ಮುಗಿಸುತ್ತದೆ. ಉಳಿತಾಯ ನಾಲ್ಕು ಗಂಟೆ. ಐದು ದಿನ ಹದವಿರುವ ಹೊಲದಲ್ಲಿ ಒಂದು ದಿನದ ಒಳಗೆ ಮುಗಿಯುವ ಕೆಲಸ ಇನ್ನೂ ನಾಲ್ಕು ಗಂಟೆ ಬೇಗ ಮುಗಿದರೆ ರಾಗಿ ಒಂದು ಸೇರೂ ಹೆಚ್ಚು ಬೆಳೆಯದು. ಆದ್ದರಿಂದ ಈ ಕುಟುಂಬಕ್ಕೆ 18ರಿಂದ 20 ಅಶ್ವಶಕ್ತಿ ಸಾಕು.

ಅಳತೆ ಸರಿಹೋದ ಮಾತ್ರಕ್ಕೆ ಕೊಳ್ಳಬಹುದೆಂದಲ್ಲ. ವರ್ಷದಲ್ಲಿ ಎಷ್ಟು ಗಂಟೆ ದುಡಿಮೆ ಇದೆ? ಅಡಿಕೆ ತೋಟಕ್ಕೆ ಎರಡು ಸಾರಿ ಹತ್ತು ಗಂಟೆ, ತೆಂಗಿಗೆ ಮೂರು ಸಾರಿ ಹನ್ನೆರಡು ಗಂಟೆ, ರಾಗಿ ಹೊಲಕ್ಕೆ ಉಳುಮೆ, ಹರಗುವುದು, ಬಿತ್ತನೆ ಎಲ್ಲ ಸೇರಿ ಹದಿನೈದು ಗಂಟೆ. ಗೊಬ್ಬರ, ತೆಂಗಿನಕಾಯಿ, ಹುಲ್ಲು ಸಾಗಿಸಲು ಟ್ರೇಲರಿನಲ್ಲಿ ಅರವತ್ತು ಗಂಟೆ. ಒಟ್ಟು ನೂರು ಗಂಟೆಯೊಳಗೆ. ಟ್ರ್ಯಾಕ್ಟರಿನ ಖರ್ಚಿನ ಲೆಕ್ಕದಲ್ಲಿ ತಜ್ಞರು ಸಾಮಾನ್ಯವಾಗಿ ಹಿಡಿಯುವುದು ವರ್ಷಕ್ಕೆ 1,000 ಗಂಟೆ, ಹತ್ತು ವರ್ಷದ ಬಾಳಿಕೆ. ಈ ಅಂತರ ಸಣ್ಣದಲ್ಲ.

ಬೆಲೆ ಊರಿನಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುವುದರಿಂದ ಲೆಕ್ಕಕ್ಕೆ ಮಾತ್ರ ಟ್ರ್ಯಾಕ್ಟರು, ರೋಟವೇಟರ್, ಕಲ್ಟಿವೇಟರ್, ಚಿಕ್ಕ ಟ್ರೇಲರ್ ಎಲ್ಲ ಸೇರಿ 5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ವರ್ಷದ ಮೇಲೆ 50 ಸಾವಿರಕ್ಕೆ ಮಾರಿದರೆ ವರ್ಷದ ಸವಕಳಿ 45,000. ತೊಡಗಿದ ಹಣದ ಸರಾಸರಿಯ ಮೇಲೆ ನೂರಕ್ಕೆ ಹತ್ತರಂತೆ ಬಡ್ಡಿ 27,500. ವಿಮೆ, ನೆರಳಿನ ಕೊಟ್ಟಿಗೆಗೆ 10,000. ಒಟ್ಟು 82,500 ರೂಪಾಯಿ. ಟ್ರ್ಯಾಕ್ಟರನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯದಿದ್ದರೂ ಈ ಖರ್ಚು ತಪ್ಪದು. ನೂರು ಗಂಟೆ ದುಡಿಸಿದರೆ ಡೀಸೆಲ್ಲಿಗೆ ಮೊದಲೇ ಗಂಟೆಗೆ 825 ರೂಪಾಯಿ ಬಿತ್ತು. ಮುನ್ನೂರು ಗಂಟೆ ದುಡಿಸಿದರೆ 275 ಆಗುತ್ತದೆ.

ಎಷ್ಟು ಗಂಟೆಗೆ ಕೊಳ್ಳುವುದು ಲಾಭ ಎಂದು ತಿಳಿಯಲು ಒಂದು ಸುಲಭ ಭಾಗಾಕಾರ ಸಾಕು. ಅದೇ ಅಳತೆಯ ಟ್ರ್ಯಾಕ್ಟರಿಗೆ ಊರಿನಲ್ಲಿ ಗಂಟೆಗೆ 800 ಬಾಡಿಗೆ ಇದ್ದು, ಸ್ವಂತದ್ದಾದರೆ ಡೀಸೆಲ್, ಎಣ್ಣೆ, ದುರಸ್ತಿ, ಚಾಲಕನ ಕೂಲಿ ಸೇರಿ 350 ತಗಲುವುದಾದರೆ ವ್ಯತ್ಯಾಸ 450. ವರ್ಷದ ಸ್ಥಿರ ಖರ್ಚು 82,500ನ್ನು 450ರಿಂದ ಭಾಗಿಸಿದರೆ 183 ಗಂಟೆ. ಅದಕ್ಕಿಂತ ಕಡಿಮೆ ಕೆಲಸವಿರುವ ಮನೆ ಬಾಡಿಗೆಗೆ ತರುವುದೇ ಮೇಲು. ಕರ್ನಾಟಕದಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಉದ್ದೇಶವೂ ಇದೇ. ಹದದ ದಿನ ಯಂತ್ರ ಸಿಗುವುದಿಲ್ಲ ಎಂಬ ದೂರು ರೈತರಿಂದ ಬರುವುದುಂಟು, ಅದು ಸುಳ್ಳಲ್ಲ. ಆದರೆ ಆ ತೊಂದರೆಯ ಬೆಲೆ ವರ್ಷಕ್ಕೆ ನಲವತ್ತು ಸಾವಿರವೇ ಎಂದು ಪ್ರತಿ ಮನೆಯೂ ತನ್ನ ಲೆಕ್ಕ ತಾನೇ ಹಾಕಿಕೊಳ್ಳಬೇಕು.

ಗುಬ್ಬಿಯ ಈ ಕುಟುಂಬದ ಮುಂದೆ ಇನ್ನೂ ಎರಡು ದಾರಿಗಳಿವೆ. ಹಿಸ್ಸೆಯಾದ ಅಣ್ಣತಮ್ಮಂದಿರು ಇಬ್ಬರೂ ಸೇರಿ ಒಂದನ್ನೇ ಕೊಂಡರೆ ಗಂಟೆ ಇನ್ನೂರಕ್ಕೆ ಏರುತ್ತದೆ. ಯಾರ ಹೊಲಕ್ಕೆ ಯಾವ ದಿನ, ಡೀಸೆಲ್ ಯಾರದು, ಮುರಿದರೆ ಖರ್ಚು ಹೇಗೆ ಎಂಬುದನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕುವುದು ಕ್ಷೇಮ. ಅಣ್ಣತಮ್ಮಂದಿರ ನಡುವೆ ಕಾಗದವೇಕೆ ಎಂದವರೇ ಮುಂಗಾರಿನ ಮೊದಲ ಹದಕ್ಕೆ ಜಗಳವಾಡುವುದು. ಇನ್ನೊಂದು ದಾರಿ ನೆರೆಯ ತೋಟಗಳಲ್ಲಿ ಬಾಡಿಗೆ ಕೆಲಸ. ಬಯಲು ಹೊಲದ ಉಳುಮೆಗೆ ಪ್ರತಿ ಊರಿನಲ್ಲಿಯೂ ದೊಡ್ಡ ಟ್ರ್ಯಾಕ್ಟರುಗಳು ಬೇಕಾದಷ್ಟಿವೆ, ಅಲ್ಲಿ ಹೊಸಬನಿಗೆ ಜಾಗವಿಲ್ಲ. ಆದರೆ ಅಡಿಕೆ ಸಾಲಿನೊಳಗೆ ಅವು ಹೋಗಲಾರವು. ಚಿಕ್ಕದರ ಬಾಡಿಗೆಗೆ ಸ್ಪರ್ಧೆ ಕಡಿಮೆ ಇರುವುದು ಅಲ್ಲಿಯೇ.

ದೊಡ್ಡದನ್ನೇ ತರಬೇಕೆಂದು ಮನಸ್ಸು ಮಾಡಿದರೆ? ಉಪಕರಣ ಸಹಿತ 9 ಲಕ್ಷವಾಯಿತು, ಅದರಲ್ಲಿ 7 ಲಕ್ಷ 70 ಸಾವಿರ ಸಾಲ, ಏಳು ವರ್ಷದ ಕಂತು, ನೂರಕ್ಕೆ ಹತ್ತು ಬಡ್ಡಿ ಎಂದು ಹಿಡಿಯೋಣ. ಮೊದಲ ವರ್ಷ ಅಸಲು 1,10,000, ಬಡ್ಡಿ 77,000, ಒಟ್ಟು 1,87,000. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಎಕರೆಗೆ ಎಂಟು ಕ್ವಿಂಟಲಿನಂತೆ ಮೂರು ಎಕರೆಯ ರಾಗಿಯನ್ನು ಒಂದು ಹಿಡಿ ಹಿಟ್ಟಿಗೂ ಉಳಿಸಿಕೊಳ್ಳದೆ ಮಾರಿದರೂ ಬರುವುದು 1,17,264. ಉಳಿದುದನ್ನು ಅಡಿಕೆ, ತೆಂಗು ಕಟ್ಟಿಕೊಡಬೇಕು. ಒಂದು ವರ್ಷ ಕೊಳೆ ರೋಗ ಬಂದರೆ, ಇಲ್ಲವೇ ಕೊಬ್ಬರಿ ಬೆಲೆ ಕುಸಿದರೆ ಕಂತು ತಪ್ಪುತ್ತದೆ. ಪಹಣಿಯ ಋಣದ ಕಾಲಮಿನಲ್ಲಿ ಬರೆದ ಆ ಸಾಲ ಮಗಳ ಮದುವೆಗಾಗಲಿ, ಕೊಳವೆಬಾವಿಗಾಗಲಿ ಬೇರೆ ಸಾಲ ಹುಟ್ಟದಂತೆ ಮಾಡುತ್ತದೆ. ಸಾಲ ತೀರಿಸಲು ಒಂದು ತುಂಡು ಮಾರಿದರೆ ಏಳು ಎಕರೆಗೆಂದು ತಂದ ಟ್ರ್ಯಾಕ್ಟರು ಐದು ಎಕರೆಗೆ ನಿಂತಂತಾಯಿತು.

ಸಹಾಯಧನದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಯೋಜನೆಗಳು ಟ್ರ್ಯಾಕ್ಟರುಗಳನ್ನು ವಿಂಗಡಿಸುವುದು ಪಿ.ಟಿ.ಓ. ಅಶ್ವಶಕ್ತಿಯ ಮೇಲೆ. ಕರಪತ್ರದ ಶಕ್ತಿ ನೋಡಿ ಅರ್ಜಿ ಹಾಕಿದವರು ಬೇರೆ ವರ್ಗಕ್ಕೆ ಬಿದ್ದು ತೊಂದರೆಪಟ್ಟಾರು. ಮಂಜೂರಾತಿ ಕೈಗೆ ಬರುವ ಮೊದಲು ಕೊಂಡರೆ ಹಣ ಬಾರದು. ಹಾಗೆಯೇ ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಜಮೀನಿಗೆ ಹೊಂದದ ಅಳತೆಯನ್ನು ತರುವುದು ಕೊಡೆ ಉಚಿತವೆಂದು ಮಳೆಯಲ್ಲಿ ನಿಂತಂತೆ.

ಬದುವಿನ ಅಪಾಯ

ಚಿಕ್ಕ ಟ್ರ್ಯಾಕ್ಟರು ಅಂದರೆ ಅಪಾಯವೂ ಚಿಕ್ಕದು ಎಂಬ ಭಾವನೆ ಬಹಳ ಕಡೆ ಇದೆ. ಇದು ತಪ್ಪು. ಸಾಲಿನೊಳಗೆ ಹೋಗಲೆಂದು ಚಕ್ರಗಳ ನಡುವಿನ ಅಂತರ ಕಿರಿದು ಮಾಡಿರುವುದರಿಂದಲೇ ಅದು ಪಕ್ಕಕ್ಕೆ ಬೇಗ ಉರುಳುತ್ತದೆ. ಬದುವನ್ನು ಓರೆಯಾಗಿ ಹತ್ತಿಸುವುದು, ಇಳಿಜಾರಿನಲ್ಲಿ ರೋಟವೇಟರನ್ನು ಮೇಲೆತ್ತಿಕೊಂಡು ತಿರುಗಿಸುವುದು, ಚಕ್ರ ಹೂತಾಗ ಹಿಂದೆ ಮರದ ದಿಮ್ಮಿ ಕಟ್ಟಿ ಜಗ್ಗಿಸುವುದು ಇವು ಪ್ರಾಣ ತೆಗೆದಿರುವ ಕೆಲಸಗಳು. ಉರುಳು ರಕ್ಷಣೆಯ ಚೌಕಟ್ಟು ಇರುವ ಮಾದರಿ ಸಿಕ್ಕಿದರೆ ಬೆಲೆ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಬೇಕು, ಸೀಟುಪಟ್ಟಿ ಕಟ್ಟಿಕೊಳ್ಳಬೇಕು. ಟ್ರೇಲರಿಗೆ ಟ್ರ್ಯಾಕ್ಟರಿನ ತೂಕ ನೋಡಿ ಹೊರೆ ಹೇರಬೇಕು. 750 ಕಿಲೋ ಟ್ರ್ಯಾಕ್ಟರಿಗೆ ಮೂರು ಟನ್ನು ಕಬ್ಬು ಹೇರಿದರೆ ಸಮತಟ್ಟಿನಲ್ಲಿ ಎಳೆದೀತು, ಇಳಿಜಾರಿನಲ್ಲಿ ಟ್ರೇಲರೇ ಟ್ರ್ಯಾಕ್ಟರನ್ನು ತಳ್ಳಿಕೊಂಡು ಹೋಗುತ್ತದೆ. ಮಡ್ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುವ ಅಭ್ಯಾಸವನ್ನು ಮನೆಯ ಹೆಂಗಸರೇ ನಿಲ್ಲಿಸಬೇಕು, ಗಂಡಸರಿಂದ ಅದು ಆಗಿಲ್ಲ.

ಮುಂಗಡ ಕೊಡುವ ಮೊದಲು

ಮಧ್ಯಪ್ರದೇಶದ ಬುಡ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಟ್ರ್ಯಾಕ್ಟರುಗಳ ಪರೀಕ್ಷಾ ವರದಿಯಲ್ಲಿ ಪಿ.ಟಿ.ಓ. ಶಕ್ತಿ, ಎಳೆತದ ಬಲ, ಡೀಸೆಲ್ ಖರ್ಚು, ಎತ್ತುವ ಸಾಮರ್ಥ್ಯ, ತೂಕ ಎಲ್ಲವೂ ಅಳೆದು ಬರೆದಿರುತ್ತದೆ. ಕೊಳ್ಳುವ ಮಾದರಿಯ ವರದಿಯನ್ನು ತೋರಿಸುವಂತೆ ವ್ಯಾಪಾರಿಯನ್ನು ಕೇಳುವುದು ಪ್ರತಿ ರೈತನ ಹಕ್ಕು. ಓದಿ ತಿಳಿಸುವ ಕೆಲಸವನ್ನು ವಿಸ್ತರಣಾ ಕಾರ್ಯಕರ್ತರು ವಹಿಸಿಕೊಳ್ಳಬೇಕು. ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ಇಂಥದೇ ಸಂಸ್ಥೆಯೊಂದಿದ್ದು, ಪಾವಗಡ, ಬಳ್ಳಾರಿ ಕಡೆಯ ರೈತರಿಗೆ ಹತ್ತಿರ. ಚಾಲನೆ, ನಿರ್ವಹಣೆಯ ತರಬೇತಿ ಅಲ್ಲಿ ದೊರೆಯುತ್ತದೆ.

ವರದಿ ಎಷ್ಟೇ ಚೆನ್ನಾಗಿದ್ದರೂ ಯಂತ್ರವನ್ನು ತಮ್ಮ ಹೊಲದಲ್ಲಿಯೇ ನಡೆಸಿ ನೋಡಬೇಕು. ವ್ಯಾಪಾರಿ ತೋರಿಸುವ ನುಣುಪಾದ ಬಯಲಿನಲ್ಲಿ ಬೇಡ, ಜಮೀನಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮೂಲೆಯಲ್ಲಿ ಆಗಬೇಕು. ಹಿಂದಿನ ಚಕ್ರದ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದು, ಉಪಕರಣ ಮೇಲೆತ್ತಿಕೊಂಡು ಹತ್ತು ಸುತ್ತು ತಿರುಗುವಾಗ ಟ್ರ್ಯಾಕ್ಟರು ಎಷ್ಟು ದೂರ ಹೋಯಿತೆಂದು ಅಳೆಯಬೇಕು. ಅದು 30 ಮೀಟರ್ ಎಂದಾದರೆ, ಉಪಕರಣ ಇಳಿಸಿ ಬೇಕಾದ ಆಳಕ್ಕೆ ಉಳುವಾಗ ಅದೇ ಹತ್ತು ಸುತ್ತಿಗೆ ಕನಿಷ್ಠ ಇಪ್ಪತ್ತೈದೂವರೆ ಮೀಟರ್ ಸಾಗಬೇಕು. ಅದಕ್ಕೂ ಕಡಿಮೆಯಾದರೆ ಜಾರಾಟ ನೂರಕ್ಕೆ ಹದಿನೈದನ್ನು ಮೀರಿತು, ಆ ಮಣ್ಣಿಗೆ ಆ ತೂಕ ಸಾಲದೆಂದು ಅರ್ಥ. ಬಳಿಕ ಡೀಸೆಲ್ ಟ್ಯಾಂಕನ್ನು ಬಾಯಿ ಮಟ್ಟ ತುಂಬಿಸಿ, ಗಡಿಯಾರ ನೋಡಿಕೊಂಡು ಒಂದು ಎಕರೆ ಉತ್ತು, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಬಾಯಿ ಮಟ್ಟ ತುಂಬಿಸಿದರೆ ಎಕರೆಗೆ ಎಷ್ಟು ಲೀಟರ್, ಎಷ್ಟು ಹೊತ್ತು ಎಂಬುದು ಯಾರ ಮಾತಿನ ಹಂಗೂ ಇಲ್ಲದೆ ತಿಳಿಯುತ್ತದೆ. ಇಷ್ಟಕ್ಕೆ ಒಪ್ಪದ ವ್ಯಾಪಾರಿಯನ್ನು ಬಿಟ್ಟು ಇನ್ನೊಬ್ಬನ ಅಂಗಡಿಗೆ ಹೋಗಬಹುದು.